ಕಾರವಾರದ ಕೊಲ್ಲಿಯಲ್ಲಿ ಲಂಗರು ಇಳಿಸಿದವರು

ಹೊಲದಲ್ಲಿ ರಂಟೆ ಹೊಡೆಯುವುದನ್ನು ನೀವು ನೋಡಿರಬಹುದು. ಎತ್ತುಗಳು ಮುಂದಕ್ಕೆ ಎಳೆದಂತೆ ಕುಳ ಎರೆಮಣ್ಣಿನೊಳಕ್ಕೆ ಇಳಿಯುತ್ತದೆ. ಎಳೆತ ಮೇಲ್ಮುಖವಾದರೆ ಅದೇ ಕುಳ ಮಣ್ಣು ಬಿಟ್ಟು ಎದ್ದುಬರುತ್ತದೆ. ಸಿಂದಗಿ ತಾಲ್ಲೂಕಿನ ಮೋರಟಗಿಯ ರೈತನಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಅಲ್ಲಿಂದ ನೇರ ಗೆರೆ ಎಳೆದರೂ ಮುನ್ನೂರಕ್ಕೂ ಹೆಚ್ಚು ಕಿ.ಮೀ. ದೂರದ ಕಾರವಾರದಲ್ಲಿ, ನೀರಿನಡಿಯ ಕೆಸರಿನಲ್ಲಿ ಹಡಗನ್ನು ಹಿಡಿದು ನಿಲ್ಲಿಸುವ ಲಂಗರಿಗೂ ಇದೇ ನಿಯಮ ಅನ್ವಯಿಸುತ್ತದೆ.

ಈ ಎರಡು ಊರುಗಳು ಒಂದು ಕಾಲಕ್ಕೆ ಒಂದೇ ರಾಜ್ಯಕ್ಕೆ ಸೇರಿದ್ದವು. 17ನೆಯ ಶತಮಾನದ ಮೊದಲ ಭಾಗದಲ್ಲಿ ಕಾರವಾರದ ಕರಾವಳಿ ಬಿಜಾಪುರದ ಆದಿಲ್‌ಶಾಹಿಗಳ ಆಡಳಿತದಲ್ಲಿತ್ತು. 1638ರಲ್ಲಿ ಕೋರ್ಟೀನ್ ಎಂಬಾತನ ಇಂಗ್ಲಿಷ್ ವ್ಯಾಪಾರಿ ಕೂಟ ಅಲ್ಲಿ ಕೋಠಿ ತೆರೆಯಿತು. ಘಟ್ಟದ ಮೆಣಸು, ಹುಬ್ಬಳ್ಳಿ ಕಡೆಯ ನೇಕಾರರ ನಯವಾದ ಬಟ್ಟೆ ಅಲ್ಲಿಂದ ಹಡಗು ಏರಿದವು. ವ್ಯಾಪಾರದ ಕಥೆ ಇತಿಹಾಸದ ಪುಸ್ತಕಗಳಲ್ಲಿ ಸಾಕಷ್ಟು ಸಿಗುತ್ತದೆ. ಆದರೆ ಸರಕು ತುಂಬುವವರೆಗೆ ಹಡಗು ಎಲ್ಲಿ ನಿಂತಿರುತ್ತಿತ್ತು, ಏಕೆ ಅಲ್ಲೇ ನಿಲ್ಲುತ್ತಿತ್ತು ಎಂದು ಕೇಳುವವರು ಕಡಿಮೆ.

ಕೊಲ್ಲಿಯ ನಕಾಶೆಯನ್ನು ಎದುರಿಗೆ ಇಟ್ಟುಕೊಳ್ಳಿ. ಉತ್ತರಕ್ಕೆ ಕಾಳಿ ನದಿಯ ಅಳಿವೆ, ಅದರಾಚೆ ಸದಾಶಿವಗಡ. ದಕ್ಷಿಣಕ್ಕೆ ಕಡಲಿಗೆ ಚಾಚಿದ ಗುಡ್ಡದ ಭೂಶಿರ, ಅದರ ಮರೆಯಲ್ಲಿ ಬೈತಖೋಲ. ಪಶ್ಚಿಮದಲ್ಲಿ ಕೂರ್ಮಗಡ, ದೇವಗಡ ಮೊದಲಾದ ದ್ವೀಪಗಳು. ಭೂಶಿರವನ್ನು ದಾಟಿ ದಕ್ಷಿಣಕ್ಕೆ ಹೋದರೆ ಅಂಜದೀವ. ಬಂದ ನಾವಿಕನಿಗೆ ಇಷ್ಟು ಆಯ್ಕೆಗಳಿದ್ದವು. ನದಿಯೊಳಗೆ ಅಲೆಯ ಕಾಟವಿಲ್ಲ, ಆದರೆ ಅಳಿವೆಯ ಬಾಯಲ್ಲಿ ನದಿ ತಂದು ಸುರಿದ ಮರಳಿನ ದಿಣ್ಣೆ. ಭರತದ ಸಮಯ ನೋಡಿ ಸಣ್ಣ ದೋಣಿಗಳು ಒಳಸೇರುತ್ತಿದ್ದವು. ದೊಡ್ಡ ಹಡಗುಗಳು ಕೊಲ್ಲಿಯಲ್ಲೋ ದ್ವೀಪದ ಮರೆಯಲ್ಲೋ ನಿಲ್ಲಬೇಕಿತ್ತು.

ಮರೆ ಎಂದರೆ ಯಾವುದರಿಂದ ಮರೆ? ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿ, ಅಲೆ ಎರಡೂ ನೈಋತ್ಯ ಮತ್ತು ಪಶ್ಚಿಮದಿಂದ ಬರುತ್ತವೆ. ಬೈತಖೋಲಕ್ಕೆ ಆ ದಿಕ್ಕಿನಲ್ಲೇ ಗುಡ್ಡ ಅಡ್ಡ ನಿಂತಿದೆ. ಅಲೆಗಳು ಭೂಶಿರದ ತುದಿಯನ್ನು ಬಳಸಿ ಬಾಗಿ ಒಳಬರುತ್ತವೆ ನಿಜ, ಆದರೆ ಬಾಗುವಾಗ ಅವುಗಳ ಶಕ್ತಿ ಅಗಲವಾಗಿ ಹರಡಿ ಎತ್ತರ ತಗ್ಗುತ್ತದೆ. ಬೆಳಕಿನ ವಿವರ್ತನೆಯನ್ನು ಪಾಠ ಮಾಡುವ ಶಿಕ್ಷಕರು ಇದನ್ನು ಉದಾಹರಣೆಯಾಗಿ ಬಳಸಬಹುದು.

1498ರ ಸೆಪ್ಟೆಂಬರ್ ಕೊನೆಯಲ್ಲಿ ವಾಸ್ಕೊ ಡ ಗಾಮ ಕಲ್ಲಿಕೋಟೆಯಿಂದ ಹಿಂದಿರುಗುವಾಗ ನಿಂತದ್ದು ಅಂಜದೀವದಲ್ಲಿ. ಅಲ್ಲಿ ಸಿಹಿನೀರು ತುಂಬಿಕೊಂಡು, ಹಡಗುಗಳನ್ನು ಒಂದು ಮಗ್ಗುಲಿಗೆ ವಾಲಿಸಿ ತಳ ಕೆರೆದು ದುರಸ್ತಿ ಮಾಡಿಕೊಂಡ. ಜಾಗ ಸರಿಯಾಗಿತ್ತು, ಕಾಲ ಸರಿಯಿರಲಿಲ್ಲ. ಈಶಾನ್ಯ ಮಾರುತ ನೆಲೆಗೊಳ್ಳುವ ಮೊದಲೇ, ಅಕ್ಟೋಬರ್ ಆರಂಭದಲ್ಲಿ ಹೊರಟದ್ದರಿಂದ ಆಫ್ರಿಕದ ತೀರ ಕಾಣಲು ಸುಮಾರು ಮೂರು ತಿಂಗಳು ಹಿಡಿಯಿತು. ಹಲವು ನಾವಿಕರು ಸ್ಕರ್ವಿ ರೋಗದಿಂದ ಸತ್ತರು.

ಅದೇ ದ್ವೀಪದಲ್ಲಿ ಇನ್ನೂ ದೊಡ್ಡ ದುರಂತ ನಡೆಯಿತು. ಮುಂಬಯಿಯನ್ನು ವಶಕ್ಕೆ ತೆಗೆದುಕೊಳ್ಳಲು 1662ರಲ್ಲಿ ಬಂದ ಸರ್ ಅಬ್ರಹಾಂ ಶಿಪ್‌ಮನ್‌ನ ಇಂಗ್ಲಿಷ್ ಸೈನಿಕರಿಗೆ ಪೋರ್ಚುಗೀಸರು ಅದನ್ನು ಬಿಟ್ಟುಕೊಡಲಿಲ್ಲ. ಇಳಿಯಲು ಬೇರೆ ನೆಲವಿಲ್ಲದೆ ಅವರು ಅಂಜದೀವದಲ್ಲಿ ಉಳಿದರು. ಎರಡು ವರ್ಷಗಳಲ್ಲಿ ರೋಗದಿಂದ ಬಹುಪಾಲು ಜನ ಸತ್ತರು; ಶಿಪ್‌ಮನ್ ಕೂಡ 1664ರಲ್ಲಿ ತೀರಿಕೊಂಡ. ಹಡಗಿಗೆ ಒಳ್ಳೆಯ ಮರೆ ಎಂದು ಆರಿಸಿದ ಸ್ಥಳ ಮನುಷ್ಯರ ವಾಸಕ್ಕೂ ಒಳ್ಳೆಯದಾಗಿರಬೇಕೆಂದೇನಿಲ್ಲ.

ಇನ್ನು ಲಂಗರಿನ ಕಡೆಗೆ ಬರೋಣ. ಅದು ತನ್ನ ತೂಕದಿಂದಲೇ ಹಡಗನ್ನು ಹಿಡಿಯುತ್ತದೆ ಎಂದು ಅನೇಕರು ತಿಳಿದಿದ್ದಾರೆ. ಹಳೆಯ ಕಲ್ಲಿನ ಲಂಗರುಗಳ ಮಟ್ಟಿಗೆ ಅದು ಅರ್ಧ ಸತ್ಯ. ಗೋವಾದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯ ಸಂಶೋಧಕರು ದ್ವಾರಕಾ, ಸೋಮನಾಥ, ಸಿಂಧುದುರ್ಗ ಮುಂತಾದೆಡೆ ಇಂಥ ಲಂಗರುಗಳನ್ನು ದಾಖಲಿಸಿದ್ದಾರೆ. ಅವುಗಳಲ್ಲಿ ‘ಭಾರತ–ಅರಬ್’ ಮಾದರಿ ಎಂದು ಕರೆಯುವುದು ಕಂಬದಂಥ ಉದ್ದ ಕಲ್ಲು. ಮೇಲೆ ಹಗ್ಗಕ್ಕೆ ದುಂಡನೆಯ ತೂತು, ಕೆಳಗೆ ಒಂದಕ್ಕೊಂದು ಅಡ್ಡವಾಗಿ ಕೊರೆದ ಎರಡು ಚೌಕ ತೂತುಗಳು. ಆ ಚೌಕ ತೂತುಗಳಲ್ಲಿ ಮರದ ಗೂಟ ತೂರಿಸುತ್ತಿದ್ದರು. ತೂಕವೇ ಸಾಕಾಗಿದ್ದರೆ ಗೂಟಗಳೇಕೆ ಬೇಕಿತ್ತು? ಅವು ನೆಲವನ್ನು ಕಚ್ಚಲು.

ಆರ್ಕಿಮಿಡಿಸ್‌ನ ತತ್ತ್ವದಿಂದಲೂ ಇದನ್ನು ನೋಡಬಹುದು. ಕಲ್ಲಿನ ಸಾಂದ್ರತೆ ನೀರಿನ ಸುಮಾರು 2.7 ಪಟ್ಟು, ಕಬ್ಬಿಣದ್ದು 7.8 ಪಟ್ಟು. 100 ಕಿ.ಗ್ರಾಂ. ಕಲ್ಲು ಕಡಲಿನಲ್ಲಿ 62 ಕಿ.ಗ್ರಾಂ.ನಷ್ಟೇ ತೂಗುತ್ತದೆ. ಅಷ್ಟೇ ಕಬ್ಬಿಣ 87 ಕಿ.ಗ್ರಾಂ. ತೂಗುತ್ತದೆ. ಕಬ್ಬಿಣದ ಲಾಭ ಇಷ್ಟೇ ಅಲ್ಲ: ಅದನ್ನು ಕುಳದಂತೆ ಚೂಪಾಗಿ ಬಡಿಯಬಹುದು.

ಕುಳ ಕಚ್ಚಿರಬೇಕಾದರೆ ಎಳೆತ ಅಡ್ಡಡ್ಡವಾಗಿರಬೇಕು. ನೀರಿನ ಆಳ 8 ಮೀ., ಹಗ್ಗ ಕಟ್ಟಿದ ಮೂತಿ ನೀರಿನಿಂದ 2 ಮೀ. ಮೇಲೆ ಎನ್ನಿ; ಒಟ್ಟು 10 ಮೀ. 20 ಮೀ. ಹಗ್ಗ ಬಿಟ್ಟರೆ ಅದು ನೆಲದೊಡನೆ 30 ಡಿಗ್ರಿ ಕೋನ ಮಾಡುತ್ತದೆ. ಎಳೆತದ ಅರ್ಧದಷ್ಟು ಬಲ ಲಂಗರನ್ನು ಮೇಲೆತ್ತುತ್ತದೆ. 50 ಮೀ. ಬಿಟ್ಟರೆ ಕೋನ ಸುಮಾರು 11.5 ಡಿಗ್ರಿ, ಮೇಲೆತ್ತುವ ಪಾಲು ಐದನೆಯ ಒಂದು. ಹಗ್ಗ ನೆಟ್ಟಗಿದೆ ಎಂದುಕೊಂಡು ಮಾಡಿದ ಲೆಕ್ಕ ಇದು. ಕಬ್ಬಿಣದ ಸರಪಳಿ ತನ್ನ ಭಾರಕ್ಕೆ ಜೋತು ನೆಲದ ಮೇಲೆ ಮಲಗುವುದರಿಂದ ಕೋನ ಇನ್ನೂ ತಗ್ಗುತ್ತದೆ. ಕಾರವಾರದಲ್ಲಿ ಹುಣ್ಣಿಮೆ, ಅಮಾವಾಸ್ಯೆಗಳ ಭರತ ಸುಮಾರು 2 ಮೀ. ಏರುತ್ತದೆ. ಇಳಿತದಲ್ಲಿ ಅಳೆದು ಹಗ್ಗ ಬಿಟ್ಟವನು ಆ ಎರಡು ಮೀಟರನ್ನು ಮರೆತರೆ ರಾತ್ರಿ ಅವನ ದೋಣಿ ಲಂಗರನ್ನು ಎಳೆದುಕೊಂಡು ಬಂಡೆಯ ಕಡೆ ಸಾಗಬಹುದು.

ಉದ್ದ ಹಗ್ಗಕ್ಕೂ ಒಂದು ತೊಡಕಿದೆ. ಗಾಳಿ ತಿರುಗಿದಂತೆ ದೋಣಿ ಲಂಗರಿನ ಸುತ್ತ ಸುತ್ತುತ್ತದೆ. 50 ಮೀ. ಹಗ್ಗಕ್ಕೆ ಸುಮಾರು 100 ಮೀ. ವ್ಯಾಸದ ವೃತ್ತ ಬೇಕು. ಬೈತಖೋಲದಂಥ ಚಿಕ್ಕ ತಾಣದಲ್ಲಿ ಇಂಥ ವೃತ್ತಗಳು ಎಷ್ಟು ಹಿಡಿದಾವು? ಅದಕ್ಕೇ ಮುಂದಿಗೊಂದು, ಹಿಂದಿಗೊಂದು ಲಂಗರು ಹಾಕುತ್ತಾರೆ. ಇಲ್ಲವೆ ತಳದಲ್ಲಿ ಶಾಶ್ವತವಾಗಿ ಭಾರವಾದ ದಿಮ್ಮಿ ಇಳಿಸಿ, ಅದರ ಸರಪಳಿಯನ್ನು ತೇಲುವ ಬೋಯಿಗೆ ಸಿಕ್ಕಿಸಿ, ದೋಣಿಯನ್ನು ಬೋಯಿಗೆ ಕಟ್ಟುತ್ತಾರೆ. ಧಕ್ಕೆಗೆ ಕಟ್ಟುವುದು ಮೂರನೆಯ ದಾರಿ.

ಅಮೆರಿಕದ ಅಂತರ್ಯುದ್ಧದಿಂದ (1861–65) ಇಂಗ್ಲೆಂಡಿನ ಗಿರಣಿಗಳಿಗೆ ಹತ್ತಿ ನಿಂತಾಗ ಧಾರವಾಡದ ಹತ್ತಿಗೆ ಬಾಗಿಲಾಗಿ ಕಾರವಾರವನ್ನು ಬೆಳೆಸುವ ಮಾತು ಜೋರಾಯಿತು. 1862ರಲ್ಲಿ ಉತ್ತರ ಕನ್ನಡ ಮದರಾಸಿನಿಂದ ಮುಂಬಯಿ ಪ್ರಾಂತಕ್ಕೆ ಸೇರಿತು. 1864ರಲ್ಲಿ ದೇವಗಡದ ಮೇಲೆ ದೀಪಸ್ತಂಭ ಬೆಳಗಿತು. ಆದರೆ ರೈಲು ಬರಲಿಲ್ಲ. 1880ರ ದಶಕದಲ್ಲಿ ಗೋವಾದ ಮರ್ಮಗೋವಾಕ್ಕೆ ಹಳಿ ಬಿದ್ದ ಮೇಲೆ ಒಳನಾಡಿನ ಸರಕು ಅತ್ತ ತಿರುಗಿತು. ಹಡಗು ನಿಲ್ಲಲು ಯೋಗ್ಯವಾದ ಕೊಲ್ಲಿ ಇದ್ದರೂ ಬೆನ್ನಿಗೆ ದಾರಿ ಇಲ್ಲದೆ ಕಾರವಾರ ಹಿಂದೆ ಬಿತ್ತು.

ಅಂಜದೀವದ ಮರೆಯನ್ನು ಈಗ ನೌಕಾಪಡೆ ಬಳಸುತ್ತಿದೆ. ಅಲೆತಡೆ ಗೋಡೆಯಿಂದ ದ್ವೀಪವನ್ನು ದಡಕ್ಕೆ ಜೋಡಿಸಿ ಕಟ್ಟಿದ ‘ಕದಂಬ’ ನೆಲೆ 2005ರಲ್ಲಿ ಕಾರ್ಯಾರಂಭ ಮಾಡಿತು. ಬೈತಖೋಲ ಮೀನುಗಾರರ ಪಾಲಿಗೆ ಉಳಿದಿದೆ. 2019ರ ಅಕ್ಟೋಬರಿನಲ್ಲಿ ಅರಬ್ಬೀ ಸಮುದ್ರದಲ್ಲಿ ‘ಕ್ಯಾರ್’ ಚಂಡಮಾರುತ ಎದ್ದಾಗ ಹೊರ ಊರುಗಳ ಮೀನುದೋಣಿಗಳೂ ಕಾರವಾರದ ಬಂದರಿಗೆ ಓಡಿಬಂದವು. ಅಂಥ ದಿನಗಳಲ್ಲಿ ಸುತ್ತುವ ವೃತ್ತಕ್ಕೆ ಯಾರಿಗೂ ಜಾಗವಿರುವುದಿಲ್ಲ. ದೋಣಿಗೆ ದೋಣಿ ಕಟ್ಟಿ, ನಡುವೆ ಹಳೆಯ ಟೈರು ಇಳಿಬಿಟ್ಟು ಗಾಳಿ ಇಳಿಯುವವರೆಗೆ ಕಾಯುತ್ತಾರೆ.