ಹಲ್ಲಿಗಾಗಿ ಗಡಿ ದಾಟಿದವರು

ಮೆಕ್ಸಿಕೊ ದೇಶದ ವಾಯವ್ಯ ಮೂಲೆಯಲ್ಲಿ, ಅಮೆರಿಕದ ಗಡಿಗೆ ಅಂಟಿಕೊಂಡು ಲಾಸ್ ಅಲ್ಗೊಡೊನೆಸ್ ಎಂಬ ಊರಿದೆ. ಸ್ಪ್ಯಾನಿಷ್ ಭಾಷೆಯಲ್ಲಿ ಅಲ್ಗೊಡೊನ್ ಅಂದರೆ ಹತ್ತಿ. ಸುತ್ತಲಿನ ಮೆಕ್ಸಿಕಾಲಿ ಕಣಿವೆ ಒಂದು ಕಾಲಕ್ಕೆ ಹತ್ತಿ ಬೆಳೆಗೆ ಹೆಸರಾಗಿತ್ತು. ಊರಿನ ಜನಸಂಖ್ಯೆ ಐದಾರು ಸಾವಿರ. ಅಂದರೆ ನಮ್ಮ ಕಡೆಯ ಒಂದು ಗ್ರಾಮ ಪಂಚಾಯಿತಿಯಷ್ಟು. ಆದರೆ ಅಲ್ಲಿನ ನಾಲ್ಕಾರು ಬೀದಿಗಳಲ್ಲೇ ನೂರಾರು ದಂತವೈದ್ಯರಿದ್ದಾರೆ. ಅಮೆರಿಕದವರು ಅದಕ್ಕೆ ‘ಮೋಲಾರ್ ಸಿಟಿ’ ಎಂದು ಅಡ್ಡಹೆಸರು ಇಟ್ಟಿದ್ದಾರೆ. ದವಡೆ ಹಲ್ಲಿನ ಪೇಟೆ ಅಂತ ಅರ್ಥ.

ಚಳಿಗಾಲ ಬಂತೆಂದರೆ ಅಮೆರಿಕ ಮತ್ತು ಕೆನಡಾದ ವಯಸ್ಸಾದವರು ಗಡಿಯ ಈಚೆ ವಾಹನ ನಿಲ್ಲಿಸಿ, ನಡೆದುಕೊಂಡೇ ಆಚೆ ಹೋಗುತ್ತಾರೆ. ಆ ವಾಹನ ನಿಲ್ಲಿಸುವ ಜಾಗವೂ ಕ್ವೆಚಾನ್ ಎಂಬ ಮೂಲನಿವಾಸಿ ಬುಡಕಟ್ಟಿನವರದ್ದು. ಹುಳುಕು ಹಲ್ಲಿಗೆ ರೂಟ್ ಕೆನಾಲ್ ಮಾಡಿಸಿಕೊಂಡೋ, ಕ್ಯಾಪ್ ಹಾಕಿಸಿಕೊಂಡೋ, ಹಲ್ಲು ಸೆಟ್‌ಗೆ ಅಳತೆ ಕೊಟ್ಟೋ ಸಂಜೆಗೆ ವಾಪಸ್ ಬರುತ್ತಾರೆ.

ಜಗತ್ತಿನ ಅತಿ ಶ್ರೀಮಂತ ದೇಶದ ಹಿರಿಯರು ಹಲ್ಲಿಗಾಗಿ ತಮಗಿಂತ ಬಡ ದೇಶದ ಹಳ್ಳಿಗೆ ಯಾಕೆ ಹೋಗಬೇಕು? ಅಲ್ಲಿ ಅಗ್ಗ, ಅದಕ್ಕೆ ಎಂದು ಒಂದೇ ಮಾತಿನಲ್ಲಿ ಹೇಳಿಬಿಡಬಹುದು. ಆದರೆ ಇಲ್ಲಿ ಯಾಕೆ ದುಬಾರಿಯಾಯಿತು ಎಂದು ಕೇಳಿದರೆ ಸುಮಾರು 180 ವರ್ಷ ಹಿಂದಕ್ಕೆ ಹೋಗಬೇಕಾಗುತ್ತದೆ. ಆ ಕಥೆಯಲ್ಲಿ ನಮ್ಮ ಕರಾವಳಿಗೂ, ನಮ್ಮ ಹಳ್ಳಿಗೂ ಪಾಲಿದೆ.

ಹಲ್ಲು ಬೇರೆ, ಮೈ ಬೇರೆ

ಯುರೋಪಿನಲ್ಲಿ ಹಿಂದೆ ಹಲ್ಲು ಕೀಳುವವನು ಕ್ಷೌರಿಕನೇ ಆಗಿರುತ್ತಿದ್ದ. ಸಂತೆ, ಜಾತ್ರೆಗಳಲ್ಲಿ ಹಲ್ಲು ಕೀಳುವವರು ಇರುತ್ತಿದ್ದರು. ಓದಿದ ವೈದ್ಯರು ಅದನ್ನು ಕೈಕೆಲಸ ಎಂದು ದೂರ ಇಟ್ಟಿದ್ದರು.

1840ರಲ್ಲಿ ಅಮೆರಿಕದ ಮೇರಿಲ್ಯಾಂಡ್ ರಾಜ್ಯದ ಬಾಲ್ಟಿಮೋರ್ ನಗರದಲ್ಲಿ ಜಗತ್ತಿನ ಮೊದಲ ದಂತ ವೈದ್ಯಕೀಯ ಕಾಲೇಜು ಶುರುವಾಯಿತು. ಹೊರೇಸ್ ಹೇಡನ್ ಮತ್ತು ಚಾಪಿನ್ ಹ್ಯಾರಿಸ್ ಎಂಬಿಬ್ಬರು ಅದನ್ನು ಕಟ್ಟಿದರು. ಅಲ್ಲಿನ ವೈದ್ಯಕೀಯ ಕಾಲೇಜು ಹಲ್ಲಿನ ಪಾಠ ಸೇರಿಸಿಕೊಳ್ಳಲು ಒಪ್ಪದ ಕಾರಣ ಇವರು ಬೇರೆ ಕಾಲೇಜು ಮಾಡಿದರು ಎಂಬ ಮಾತು ದಂತವೈದ್ಯರ ನಡುವೆ ಇಂದಿಗೂ ಓಡಾಡುತ್ತದೆ. ಆ ಮಾತು ಎಷ್ಟು ನಿಜ ಎಂಬ ಬಗ್ಗೆ ಇತಿಹಾಸಕಾರರಲ್ಲಿ ಒಮ್ಮತವಿಲ್ಲ. ಫಲಿತಾಂಶವಂತೂ ಕಣ್ಣ ಮುಂದಿದೆ. ಹಲ್ಲಿಗೆ ಬೇರೆ ಕಾಲೇಜು, ಬೇರೆ ಪದವಿ, ಬೇರೆ ದವಾಖಾನೆ ಆಯಿತು. ಮುಂದೆ ಸರ್ಕಾರಗಳು ಆರೋಗ್ಯದ ಖರ್ಚು ತಾವು ನೋಡಿಕೊಳ್ಳಲು ಮುಂದಾದಾಗ ಹಲ್ಲಿನ ಲೆಕ್ಕವೂ ಬೇರೆಯೇ ಉಳಿಯಿತು.

ಹಲ್ಲು ಸೆಟ್‌ಗಾಗಿ ರಾಜೀನಾಮೆ

ಇದನ್ನು ಸರಿಮಾಡಲು ಹೊರಟ ದೊಡ್ಡ ದೇಶ ಬ್ರಿಟನ್. 1948ರ ಜುಲೈ 5ರಂದು ಅಲ್ಲಿ ರಾಷ್ಟ್ರೀಯ ಆರೋಗ್ಯ ಸೇವೆ ಆರಂಭವಾಯಿತು. ವೈದ್ಯರ ಸಲಹೆ, ಔಷಧಿ, ಕನ್ನಡಕ, ಹಲ್ಲು, ಎಲ್ಲವೂ ಉಚಿತ. ಇದನ್ನು ತಂದ ಆರೋಗ್ಯ ಸಚಿವ ಅನ್ಯೂರಿನ್ ಬೆವನ್ ಸ್ವತಃ ಹುಡುಗನಾಗಿದ್ದಾಗ ಕಲ್ಲಿದ್ದಲು ಗಣಿಯಲ್ಲಿ ದುಡಿದವರು.

ಆಗ ಬ್ರಿಟನ್ನಿನ ಬಡವರ ಬಾಯಿ ಹೇಗಿತ್ತೆಂದರೆ, ಕೆಲವು ಕಡೆ ಮದುವೆಗೆ ಮೊದಲೇ ಹುಡುಗಿಯ ಹಲ್ಲುಗಳನ್ನೆಲ್ಲ ಕೀಳಿಸಿ ಸೆಟ್ ಹಾಕಿಸುತ್ತಿದ್ದರು. ಮುಂದೆ ಗಂಡನಿಗೆ ಹಲ್ಲಿನ ಖರ್ಚು ಬರಬಾರದು ಎಂಬುದು ಲೆಕ್ಕಾಚಾರ. ಅಂಥ ದೇಶದಲ್ಲಿ ಹಲ್ಲು ಉಚಿತ ಎಂದಾಗ ಜನ ಮುಗಿಬಿದ್ದರು. ಸರ್ಕಾರ ಅಂದಾಜಿಸಿದ್ದಕ್ಕಿಂತ ಬಹಳ ಹೆಚ್ಚು ದುಡ್ಡು ಹಲ್ಲಿಗೆ ಹೋಯಿತು.

ಅಷ್ಟರಲ್ಲಿ ಕೊರಿಯಾ ಯುದ್ಧ ಬಂತು. ಶಸ್ತ್ರಾಸ್ತ್ರಕ್ಕೆ ಹಣ ಬೇಕಾಯಿತು. 1951ರ ಬಜೆಟ್‌ನಲ್ಲಿ ಹಲ್ಲು ಸೆಟ್ ಮತ್ತು ಕನ್ನಡಕಕ್ಕೆ ಶುಲ್ಕ ಹಾಕಲು ತೀರ್ಮಾನವಾಯಿತು. ಆಗ ಕಾರ್ಮಿಕ ಸಚಿವರಾಗಿದ್ದ ಬೆವನ್ ಅದನ್ನು ವಿರೋಧಿಸಿ ಸಂಪುಟಕ್ಕೆ ರಾಜೀನಾಮೆ ಕೊಟ್ಟರು. ಮುಂದೆ ಪ್ರಧಾನಿಯಾದ ಹೆರಾಲ್ಡ್ ವಿಲ್ಸನ್ ಕೂಡ ಅವರ ಜೊತೆ ಹೊರಬಂದರು. ಮರುವರ್ಷ ಉಳಿದ ಹಲ್ಲಿನ ಚಿಕಿತ್ಸೆಗೂ ಒಂದು ಪೌಂಡ್‌ವರೆಗೆ ಶುಲ್ಕ ಬಂತು. ವೈದ್ಯರ ಸಲಹೆಗೆ ದುಡ್ಡಿಲ್ಲ, ಹಲ್ಲಿಗೆ ದುಡ್ಡು ಎಂಬ ಭೇದ ಅಲ್ಲಿಂದ ಗಟ್ಟಿಯಾಯಿತು.

1965

ಅಮೆರಿಕದಲ್ಲಿ 65 ವರ್ಷ ದಾಟಿದವರಿಗೆ ಸರ್ಕಾರಿ ಆರೋಗ್ಯ ವಿಮೆ ಕೊಡುವ ಮೆಡಿಕೇರ್ ಕಾಯ್ದೆಗೆ ಅಧ್ಯಕ್ಷ ಲಿಂಡನ್ ಜಾನ್ಸನ್ ಸಹಿ ಹಾಕಿದ್ದು 1965ರ ಜುಲೈ 30ರಂದು. ಹಲ್ಲಿನ ಚಿಕಿತ್ಸೆ, ಹಲ್ಲು ತುಂಬುವುದು, ಕೀಳುವುದು, ಹೊಸ ಹಲ್ಲು ಕೂರಿಸುವುದು ಇದರಲ್ಲಿ ಬರುವುದಿಲ್ಲ ಎಂದು ಕಾಯ್ದೆಯಲ್ಲೇ ಬರೆದರು. ಹಲ್ಲು ಬೀಳುವ ವಯಸ್ಸಿನವರಿಗೆ ಕೊಟ್ಟ ವಿಮೆಯಲ್ಲಿ ಹಲ್ಲಿಗೇ ಜಾಗವಿಲ್ಲ. ‘ಕಡಲೆ ಇದ್ದವನಿಗೆ ಹಲ್ಲಿಲ್ಲ’ ಎಂಬ ನಮ್ಮ ಗಾದೆ ಅಲ್ಲಿ ಕಾನೂನೇ ಆಯಿತು. ಇದನ್ನು ಬದಲಿಸಲು 2021ರಲ್ಲಿ ಸಂಸತ್ತಿನಲ್ಲಿ ನಡೆದ ಪ್ರಯತ್ನವೂ ಕೈಗೂಡಲಿಲ್ಲ.

ಅದೇ 1965ರಲ್ಲಿ ಸ್ವೀಡನ್ ದೇಶದ ಪಿ.ಐ. ಬ್ರೊನೆಮಾರ್ಕ್ ಎಂಬ ವೈದ್ಯವಿಜ್ಞಾನಿ ಮನುಷ್ಯನ ದವಡೆ ಎಲುಬಿಗೆ ಟೈಟಾನಿಯಂ ಲೋಹದ ಸ್ಕ್ರೂ ಕೂರಿಸಿ, ಅದರ ಮೇಲೆ ಕೃತಕ ಹಲ್ಲು ನಿಲ್ಲಿಸಿದರು. ಇವತ್ತು ನಾವು ಇಂಪ್ಲಾಂಟ್ ಅನ್ನುವುದು ಇದಕ್ಕೇ. 1980ರ ದಶಕದಲ್ಲಿ ಅದು ಜಗತ್ತಿಗೆಲ್ಲ ಹರಡಿತು. ಹಲ್ಲು ಕೀಳಿಸಲು ಯಾರೂ ಬೇರೆ ದೇಶಕ್ಕೆ ಹೋಗುವುದಿಲ್ಲ. ಆದರೆ ಸಾವಿರಾರು ಡಾಲರ್ ಕೇಳುವ ಇಂಪ್ಲಾಂಟ್‌ಗೆ ಪ್ರಯಾಣದ ಖರ್ಚು ಸೇರಿಸಿದರೂ ದುಡ್ಡು ಉಳಿಯುತ್ತದೆ.

ವಿಮೆಯಲ್ಲಿ ಹಲ್ಲಿಲ್ಲ. ಚಿಕಿತ್ಸೆ ದುಬಾರಿ. ಈ ಎರಡೂ ಸೇರಿದ ಕಡೆ ಜನ ಗಡಿಯತ್ತ ನೋಡಿದರು.

ಹತ್ತಿ ಊರು ಹಲ್ಲಿನ ಊರಾದದ್ದು

ಅಮೆರಿಕದಲ್ಲಿ 1920ರಿಂದ 1933ರವರೆಗೆ ಮದ್ಯ ನಿಷೇಧವಿತ್ತು. ಆ ಕಾಲಕ್ಕೆ ಮೆಕ್ಸಿಕೊದ ಗಡಿ ಊರುಗಳು ಕುಡಿಯಲು ಬರುವವರಿಂದ ಬೆಳೆದವು. ನಿಷೇಧ ಹೋದ ಮೇಲೂ ಬಾರುಗಳು ಉಳಿದವು. 1969ರಲ್ಲಿ ಬರ್ನಾರ್ಡೊ ಮಗಾನ್ಯ ಎಂಬ ದಂತವೈದ್ಯರು ಅಲ್ಗೊಡೊನೆಸ್‌ಗೆ ಬಂದಾಗ ಆ ಊರಿಗೆ ಇದ್ದ ಹೆಸರು ಬಾರು ಮತ್ತು ವೇಶ್ಯಾವಾಟಿಕೆಗಳದ್ದು. ಅವರ ಹಿಂದೆ ಬೇರೆ ದಂತವೈದ್ಯರು ಬಂದರು. ನಿಧಾನವಾಗಿ ಬಾರು ಇದ್ದ ಜಾಗದಲ್ಲಿ ಹಲ್ಲಿನ ಕ್ಲಿನಿಕ್‌ಗಳು ಎದ್ದವು.

ಅಲ್ಲಿ ಹೇಗೆ ಅಗ್ಗ? ಅಮೆರಿಕದಲ್ಲಿ ದಂತ ವೈದ್ಯಕೀಯ ಓದಿದವರು ಸರಾಸರಿ ಮೂರು ಲಕ್ಷ ಡಾಲರ್ ಆಸುಪಾಸಿನ ಸಾಲ ಹೊತ್ತು ಹೊರಬರುತ್ತಾರೆ. ಆ ಸಾಲ ತೀರಬೇಕಾದ್ದು ರೋಗಿಯ ಬಿಲ್ಲಿನಿಂದಲೇ. ಮೆಕ್ಸಿಕೊದಲ್ಲಿ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಕಡಿಮೆ ಶುಲ್ಕಕ್ಕೆ ಓದಬಹುದು. ಬಾಡಿಗೆ ಕಡಿಮೆ, ಸಂಬಳ ಕಡಿಮೆ, ಕೋರ್ಟು ಕೇಸಿನ ಭಯಕ್ಕೆ ಕಟ್ಟುವ ವಿಮೆ ಕಡಿಮೆ. ಕ್ಯಾಪ್, ಸೆಟ್ ಮಾಡುವ ಲ್ಯಾಬ್ ಅದೇ ಬೀದಿಯಲ್ಲಿ. ಹೀಗಾಗಿ ಅಮೆರಿಕದ ಬೆಲೆಯ ಮೂರನೇ ಒಂದು ಭಾಗಕ್ಕೆಲ್ಲ ಕೆಲಸ ಆಗುತ್ತದೆ.

ಗಡಿಯತ್ತ ಹೋಗಲಾಗದವರ ಗತಿ ಏನು? 2007ರಲ್ಲಿ ಮೇರಿಲ್ಯಾಂಡ್‌ನಲ್ಲಿ ಬಡ ಮನೆಯ 12 ವರ್ಷದ ಹುಡುಗನ ಹುಳುಕು ಹಲ್ಲಿನ ಸೋಂಕು ಮಿದುಳಿಗೆ ಏರಿತು. ಆ ಹಲ್ಲು ಕೀಳಿಸಲು 80 ಡಾಲರ್ ಸಾಕಿತ್ತು. ಎರಡು ಲಕ್ಷ ಡಾಲರ್‌ಗೂ ಹೆಚ್ಚಿನ ಆಸ್ಪತ್ರೆ ಚಿಕಿತ್ಸೆಯ ನಂತರ ಹುಡುಗ ತೀರಿಕೊಂಡ. ಜಗತ್ತಿನ ಮೊದಲ ದಂತ ಕಾಲೇಜು ಹುಟ್ಟಿದ ರಾಜ್ಯ ಅದು. ಬಡ ಮಕ್ಕಳ ಸರ್ಕಾರಿ ವಿಮೆಯಲ್ಲಿ ಹಲ್ಲಿನ ಚಿಕಿತ್ಸೆ ಇರಲೇಬೇಕೆಂದು 2009ರಲ್ಲಿ ಕಾನೂನು ಬಂದದ್ದರ ಹಿಂದೆ ಈ ಸಾವು ಇದೆ.

ತಂತಿ ಬೇಲಿಯ ಪಕ್ಕದ ಊರು

ಯುರೋಪಿನಲ್ಲಿ ಇಂಥದೇ ಕಥೆ ಹಂಗೆರಿಯದು. ಸೊಪ್ರಾನ್ ಎಂಬ ಪಟ್ಟಣ ಆಸ್ಟ್ರಿಯಾ ಗಡಿಯಲ್ಲಿದೆ. ಆಗ ಹಂಗೆರಿ ಕಮ್ಯುನಿಸ್ಟ್ ಆಡಳಿತದಲ್ಲಿತ್ತು, ಗಡಿಗೆ ತಂತಿ ಬೇಲಿ ಇತ್ತು. ಆದರೂ 1979ರಿಂದ ಆಸ್ಟ್ರಿಯಾದವರಿಗೆ ವೀಸಾ ಬೇಕಿರಲಿಲ್ಲ. ವಿಯೆನ್ನಾದ ಜನ ಕೂದಲು ಕತ್ತರಿಸಿಕೊಳ್ಳಲು, ಸಾಮಾನು ಕೊಳ್ಳಲು, ಹಲ್ಲು ತೋರಿಸಲು ಈ ಕಡೆ ಬರತೊಡಗಿದರು. 1989ರಲ್ಲಿ ಆ ಬೇಲಿಯನ್ನೇ ಕಿತ್ತರು. 2004ರಲ್ಲಿ ಹಂಗೆರಿ ಐರೋಪ್ಯ ಒಕ್ಕೂಟ ಸೇರಿತು. ಅಗ್ಗದ ವಿಮಾನಗಳೂ ಬಂದವು. ಬ್ರಿಟನ್ನಿನವರೂ ಬುಡಾಪೆಸ್ಟ್‌ಗೆ ಹಾರತೊಡಗಿದರು. ಮೋಶೊನ್‌ಮಗ್ಯರೋವಾರ್ ಎಂಬ ಸುಮಾರು ಮೂವತ್ತು ಸಾವಿರ ಜನರ ಪಟ್ಟಣದಲ್ಲಿ ಈಗ ಬೀದಿ ಬೀದಿಗೂ ಹಲ್ಲಿನ ಕ್ಲಿನಿಕ್ ಇದೆ.

1951ರಲ್ಲಿ ಬೆವನ್ ರಾಜೀನಾಮೆ ಕೊಟ್ಟದ್ದು ಯಾವ ಕಾರಣಕ್ಕೋ, ಅದೇ ಕಾರಣಕ್ಕೆ ಅವರ ದೇಶದ ಜನ ಐವತ್ತು ವರ್ಷದ ನಂತರ ವಿಮಾನ ಹತ್ತಿದರು.

ನಮ್ಮ ಕರಾವಳಿಯ ರಜೆ

ನಮ್ಮ ರಾಜ್ಯದ ಕಥೆಗೂ 1965 ಮುಖ್ಯ ವರ್ಷ. ಬೆಂಗಳೂರಿನ ಸರ್ಕಾರಿ ದಂತ ಕಾಲೇಜು 1958ರದ್ದು. 1965ರಲ್ಲಿ ಮಣಿಪಾಲದಲ್ಲಿ ಖಾಸಗಿ ದಂತ ಕಾಲೇಜು ಶುರುವಾಯಿತು. ಅದರ ಹಿಂದೆ ಟಿ.ಎಂ.ಎ. ಪೈ ಅವರಿದ್ದರು. ಮುಂದೆ ಮಂಗಳೂರು, ದಾವಣಗೆರೆ, ಧಾರವಾಡ, ಬೆಳಗಾವಿ ಎಂದು ಹಬ್ಬಿ ಕರ್ನಾಟಕದ ದಂತ ಕಾಲೇಜುಗಳು ನಲವತ್ತರ ಸಂಖ್ಯೆ ಮುಟ್ಟಿದವು.

1973ರ ನಂತರ ತೈಲ ಬೆಲೆ ಏರಿ ಕೊಲ್ಲಿ ದೇಶಗಳಲ್ಲಿ ಕೆಲಸ ಹೆಚ್ಚಿತು. ದಕ್ಷಿಣ ಕನ್ನಡ, ಉಡುಪಿ, ಭಟ್ಕಳದ ಕಡೆಯಿಂದ ಸಾವಿರಾರು ಮಂದಿ ಹೋದರು. 2006ರಲ್ಲಿ ಮಂಗಳೂರಿನಿಂದ ದುಬೈಗೆ ನೇರ ವಿಮಾನ ಶುರುವಾಯಿತು. ಅಲ್ಲಿ ಚಾಲಕರಾಗಿ, ಅಡುಗೆಯವರಾಗಿ, ಅಂಗಡಿಯಲ್ಲಿ ದುಡಿಯುವವರಿಗೆ ಕಂಪನಿ ಕೊಡುವ ಮೂಲ ವಿಮೆಯಲ್ಲಿ ಹಲ್ಲು ಸಾಮಾನ್ಯವಾಗಿ ಬರುವುದಿಲ್ಲ, ಬಂದರೂ ತುರ್ತು ನೋವಿಗೆ ಮಾತ್ರ. ಹಾಗಾಗಿ ಅವರು ಮಾತ್ರೆ ನುಂಗಿ, ಹಲ್ಲು ಕಚ್ಚಿ ರಜೆಗೆ ಕಾಯುತ್ತಾರೆ. ಊರಿಗೆ ಬಂದು ಮದುವೆ, ಮನೆ ಕೆಲಸ, ಬ್ಯಾಂಕಿನ ಓಡಾಟದ ನಡುವೆ ಹಲ್ಲಿನ ಡಾಕ್ಟರ ಹತ್ತಿರ ಓಡುತ್ತಾರೆ. ಅಲ್ಗೊಡೊನೆಸ್‌ನ ಹಿರಿಯರಿಗೂ ನಮ್ಮ ಕೊಲ್ಲಿ ಅಣ್ಣಂದಿರಿಗೂ ಇರುವ ಕಾರಣ ಒಂದೇ. ದುಡಿದ ದೇಶದ ವಿಮೆ ಹಲ್ಲನ್ನು ಮೈಯ ಭಾಗ ಎಂದು ಎಣಿಸಲಿಲ್ಲ.

ದುಡ್ಡು ಉಳಿಯಿತು, ಹಲ್ಲು ಉಳಿಯಬೇಕಲ್ಲ

ಕಡಿಮೆ ರಜೆಯಲ್ಲಿ ಎಲ್ಲ ಮುಗಿಸುವ ಆತುರವೇ ದೊಡ್ಡ ಅಪಾಯ. ನಿಮ್ಮ ಮನೆಯವರು ಯಾರಾದರೂ ಹೀಗೆ ಬರುವವರಿದ್ದರೆ ಇಷ್ಟು ಹೇಳಿ.

ರೂಟ್ ಕೆನಾಲ್ ಮತ್ತು ಕ್ಯಾಪ್ ಒಂದೆರಡು ವಾರದ ರಜೆಯಲ್ಲಿ ಮುಗಿಯಬಹುದು. ಇಂಪ್ಲಾಂಟ್ ಹಾಗಲ್ಲ. ಸ್ಕ್ರೂ ಎಲುಬಿಗೆ ಹಿಡಿಯಲು ಸಾಮಾನ್ಯವಾಗಿ ಮೂರರಿಂದ ಆರು ತಿಂಗಳು ಬೇಕು. ಎರಡು ರಜೆಗೆ ಹಂಚಿಕೊಳ್ಳುವುದು ಲೇಸು. ಊರಿಗೆ ಬಂದ ಮೊದಲ ವಾರದಲ್ಲೇ ಡಾಕ್ಟರಿಗೆ ತೋರಿಸಬೇಕು, ಹೊರಡುವ ಹಿಂದಿನ ದಿನ ಅಲ್ಲ. ಎಕ್ಸ್‌ರೇ, ಬಿಲ್ಲು, ಇಂಪ್ಲಾಂಟ್‌ನ ಕಂಪನಿ ಹೆಸರು ಮತ್ತು ಅಳತೆ ಬರೆಸಿಕೊಂಡು ಮೊಬೈಲಿನಲ್ಲಿ ಫೋಟೊ ಇಟ್ಟುಕೊಳ್ಳಬೇಕು. ಮುಂದೆ ಬೇರೆ ದೇಶದಲ್ಲಿ ತೊಂದರೆಯಾದರೆ ಅಲ್ಲಿನ ಡಾಕ್ಟರಿಗೆ ಅದೇ ಆಧಾರ. ಡಾಕ್ಟರು ರಾಜ್ಯ ದಂತ ವೈದ್ಯಕೀಯ ಪರಿಷತ್ತಿನಲ್ಲಿ ನೋಂದಣಿ ಆದವರೇ ಎಂದು ಕೇಳುವುದರಲ್ಲಿ ಸಂಕೋಚ ಬೇಡ. ಚೆಂದ ಕಾಣಲೆಂದು ಚೆನ್ನಾಗಿರುವ ಹಲ್ಲನ್ನೇ ಅರೆದು ಸಾಲಾಗಿ ಕ್ಯಾಪ್ ಹಾಕಿಸುವ ಹುಚ್ಚು ಈಗ ಬ್ರಿಟನ್ನಿನಿಂದ ಟರ್ಕಿಗೆ ಹೋಗುವ ಯುವಕರಲ್ಲಿದೆ. ಅರೆದ ಹಲ್ಲು ಮತ್ತೆ ಬೆಳೆಯುವುದಿಲ್ಲ ಎಂದು ಅಲ್ಲಿನ ದಂತವೈದ್ಯರು ಎಚ್ಚರಿಸುತ್ತಲೇ ಇದ್ದಾರೆ.

ಊರಲ್ಲೇ ಇರುವವರಿಗೆ

ದುಬೈಯಿಂದ ಬಂದವರಿಗೆ ಅಗ್ಗವಾಗಿ ಕಾಣುವ ಕ್ಯಾಪ್ ನಮ್ಮ ಕೂಲಿಯವರಿಗೆ ಎಷ್ಟೋ ದಿನದ ದುಡಿಮೆ. ಇಷ್ಟೊಂದು ದಂತ ಕಾಲೇಜುಗಳಿರುವ ರಾಜ್ಯದಲ್ಲಿ ಹಲ್ಲಿನ ಕ್ಲಿನಿಕ್‌ಗಳು ಪೇಟೆಯಲ್ಲೇ ನಿಂತಿವೆ. ಹಳ್ಳಿಯವರಿಗೆ ತಾಲ್ಲೂಕು ಕೇಂದ್ರವೇ ಒಂದು ಗಡಿ.

ಇರುವ ದಾರಿಗಳನ್ನಾದರೂ ಬಳಸೋಣ. ತಾಲ್ಲೂಕು ಆಸ್ಪತ್ರೆಯಲ್ಲಿ ದಂತವೈದ್ಯರು ಯಾವ ದಿನ ಇರುತ್ತಾರೆಂದು ಕೇಳಿ. ದಂತ ಕಾಲೇಜುಗಳ ಆಸ್ಪತ್ರೆಯಲ್ಲಿ ಪ್ರಾಧ್ಯಾಪಕರ ಕಣ್ಣೆದುರೇ ವಿದ್ಯಾರ್ಥಿಗಳು ಕಡಿಮೆ ದರಕ್ಕೆ ಚಿಕಿತ್ಸೆ ಮಾಡುತ್ತಾರೆ. ಸಮಯ ಹೆಚ್ಚು ಹಿಡಿಯುತ್ತದೆ, ಅಷ್ಟೇ. ಬಿಪಿಎಲ್ ಕುಟುಂಬದ ಹಿರಿಯರಿಗೆ ಉಚಿತ ಹಲ್ಲು ಸೆಟ್ ಕೊಡಲು ಸರ್ಕಾರ ತಂದ ದಂತಭಾಗ್ಯ ಯೋಜನೆ ನಿಮ್ಮ ಕಡೆ ಹೇಗೆ ನಡೆಯುತ್ತಿದೆ ಎಂದು ಆಶಾ ಕಾರ್ಯಕರ್ತೆಯರನ್ನು ವಿಚಾರಿಸಿ.

ಮುಂದಿನ ಗ್ರಾಮಸಭೆಯಲ್ಲಿ ಆರೋಗ್ಯ ಕಾರ್ಡಿನ ಮಾತು ಬಂದಾಗ ಎದ್ದು ನಿಂತು ಒಂದು ಪ್ರಶ್ನೆ ಕೇಳಿ: ಇದರಲ್ಲಿ ಹಲ್ಲು ಬರುತ್ತದೆಯೇ? ಕೊಲ್ಲಿಗೆ ಹೊರಟ ಹುಡುಗ ಕೆಲಸದ ಕರಾರಿಗೆ ಸಹಿ ಹಾಕುವ ಮೊದಲು ಕೇಳಬೇಕಾದ ಪ್ರಶ್ನೆಯೂ ಅದೇ. 1948ರಲ್ಲಿ ಬ್ರಿಟನ್ನಿನ ಬಡವರಿಗೆ ಹಲ್ಲು ಸಿಕ್ಕಿದ್ದು ಸರ್ಕಾರ ಅದನ್ನು ಲೆಕ್ಕಕ್ಕೆ ಸೇರಿಸಿದ್ದರಿಂದ. 1965ರಲ್ಲಿ ಅಮೆರಿಕದ ಹಿರಿಯರಿಗೆ ತಪ್ಪಿದ್ದು ಸರ್ಕಾರ ಅದನ್ನು ಲೆಕ್ಕದಿಂದ ಬಿಟ್ಟಿದ್ದರಿಂದ. ನಮ್ಮ ಲೆಕ್ಕದಲ್ಲಿ ಅದು ಇದೆಯೋ ಇಲ್ಲವೋ ಎಂದು ಕೇಳುವುದು ನಮ್ಮ ಕೆಲಸ.