ಇಳಿಯಲು ಅಪ್ಪಣೆ

ಮೊನ್ನೆ ಸಂಜೆ ಮೊಮ್ಮಗನ ಕಂಪ್ಯೂಟರಿನಲ್ಲಿ ನಾನೂ ಒಂದು ವಿಮಾನ ಹಾರಿಸಿದೆ. ಏರಿದ್ದು ಸುಲಭ, ಕಷ್ಟ ಬಂದದ್ದು ಇಳಿಯುವಾಗ. ನಿಲ್ದಾಣ ಇನ್ನೂ ದೂರವಿರುವಾಗಲೇ ನಿಯಂತ್ರಕನ ದನಿ ಅಪ್ಪಣೆ ಕೊಟ್ಟಿತು. ನಾನು ಸಂತೋಷದಿಂದ ವಿಮಾನದ ಮೂತಿ ಬಗ್ಗಿಸಿದೆ. ಮೋಡದಲ್ಲಿ ಅಡಗಿದ್ದ ಗುಡ್ಡಕ್ಕೆ ಬಡಿದು ಆಟ ಮುಗಿಯಿತು.

"ಅವನೇ ಅಲ್ಲವೇನೋ ಬಾ ಅಂದದ್ದು?" ಎಂದೆ.

"ಅಪ್ಪಣೆ ಸಿಕ್ಕಿತು ಅಂತ ಗುಡ್ಡ ಪಕ್ಕಕ್ಕೆ ಸರಿಯುತ್ತದೆಯೇ ತಾತ? ನೀವು ನಕ್ಷೆ ನೋಡಬೇಕಾಗಿತ್ತು" ಎಂದು ಅವನು ನಕ್ಕ.

ನಗುವ ಮಾತೇ ಸರಿ. ಆದರೆ ಇಂಥದೇ ಒಂದು ತಪ್ಪಿಗೆ 92 ಜನ ಪ್ರಾಣ ತೆತ್ತದ್ದುಂಟು. ಅದನ್ನು ಹೇಳುವ ಮೊದಲು ಈ ಆಟದ ಹುಟ್ಟನ್ನಿಷ್ಟು ಹೇಳಬೇಕು.

ಅಮೆರಿಕದ ಬಿಂಗ್‌ಹ್ಯಾಂಟನ್ ಎಂಬ ಊರಿನಲ್ಲಿ ಎಡ್ವಿನ್ ಲಿಂಕ್ ಎಂಬಾತನ ತಂದೆಗೆ ಪಿಯಾನೊ ಮತ್ತು ಆರ್ಗನ್ ತಯಾರಿಸುವ ಕಾರ್ಖಾನೆಯಿತ್ತು. ಹಾರಾಟ ಕಲಿಯುವುದು ಆಗ ಬಲು ದುಬಾರಿ. ಲಿಂಕ್ ಆರ್ಗನ್ನಿನ ತಿದಿಗಳನ್ನೇ ಬಳಸಿ, ನೆಲ ಬಿಡದೆ ಓಲಾಡುವ ಪುಟ್ಟ ವಿಮಾನವೊಂದನ್ನು 1929ರ ಹೊತ್ತಿಗೆ ಕಟ್ಟಿದ. ಮೊದಮೊದಲು ಅದನ್ನು ಕೊಂಡವರು ಮನರಂಜನೆಯ ಉದ್ಯಾನದವರು. 1934ರಲ್ಲಿ ಸೈನ್ಯಕ್ಕೆ ಅಂಚೆ ಸಾಗಿಸುವ ಹೊಣೆ ಬಿತ್ತು. ಮಂಜಿನಲ್ಲಿ, ಕತ್ತಲಲ್ಲಿ, ಮುಳ್ಳುಗಳನ್ನಷ್ಟೇ ನೋಡಿ ಹಾರುವ ಅಭ್ಯಾಸ ಅದರ ಚಾಲಕರಿಗೆ ಸಾಲದಾಗಿತ್ತು. ಕೆಲವೇ ವಾರಗಳಲ್ಲಿ ಹತ್ತಕ್ಕೂ ಹೆಚ್ಚು ಮಂದಿ ಸತ್ತರು. ಆಗ ಸೈನ್ಯ ಲಿಂಕನ 6 ಯಂತ್ರಗಳನ್ನು ಕೊಂಡಿತು.

ನನಗೆ ಹಿಡಿಸಿದ್ದು ಆ ಯಂತ್ರದ ಪಕ್ಕದ ಮೇಜು. ಅದರ ಮೇಲೊಂದು ನಕ್ಷೆ. ನಕ್ಷೆಯ ಮೇಲೆ ಮೂರು ಗಾಲಿಯ ಪುಟ್ಟ ಗಾಡಿ. ಅದಕ್ಕೆ 'ಏಡಿ' ಎಂದು ಅಡ್ಡಹೆಸರು. ಮುಚ್ಚಿದ ಪೆಟ್ಟಿಗೆಯೊಳಗೆ ಶಿಷ್ಯ ತಿರುಗಿದ ಹಾಗೆಲ್ಲ ಏಡಿ ಮಸಿಯ ಗೆರೆ ಎಳೆಯುತ್ತಿತ್ತು. ಗುರು ನೆಲದ ನಿಯಂತ್ರಕನಂತೆ ಮೈಕಿನಲ್ಲಿ ಆಜ್ಞೆ ಕೊಡುತ್ತಿದ್ದ. ಗುರು ಹೇಳಿದ್ದೇನು, ಶಿಷ್ಯ ತಿಳಿದದ್ದೇನು ಎಂಬುದು ಕೊನೆಗೆ ಕಾಗದದ ಮೇಲೆ ಕಾಣುತ್ತಿತ್ತು. ತಪ್ಪಿದ್ದರೆ ಹೊಸ ಕಾಗದ ಹಾಸಿದರಾಯಿತು.

ನಿಜವಾದ ಆಕಾಶದಲ್ಲಿ ಹೊಸ ಕಾಗದವಿಲ್ಲ. 1974ರ ಡಿಸೆಂಬರ್ 1ರಂದು ಟಿ.ಡಬ್ಲ್ಯು.ಎ. ಸಂಸ್ಥೆಯ 514ನೆಯ ವಿಮಾನ ವಾಷಿಂಗ್‌ಟನ್ನಿನ ಡಲ್ಲೆಸ್ ನಿಲ್ದಾಣಕ್ಕೆ ಬರುತ್ತಿತ್ತು. ಇನ್ನೂ 44 ಮೈಲಿ ಇರುವಾಗಲೇ ನಿಯಂತ್ರಕ, ನಿಲ್ದಾಣವನ್ನು ಸಮೀಪಿಸಲು ಅಪ್ಪಣೆ ಕೊಟ್ಟ; ಎಷ್ಟು ಎತ್ತರದಲ್ಲಿರಬೇಕೆಂದು ಹೇಳಲಿಲ್ಲ. ರಾಡಾರ್ ನೋಡುತ್ತಿರುವವನು ಅಪಾಯವಿದ್ದರೆ ಅಪ್ಪಣೆ ಕೊಡುತ್ತಾನೆಯೇ ಎಂದು ಚಾಲಕರ ಭಾವನೆ. ಎತ್ತರದ ಹೊಣೆ ಚಾಲಕರದೆಂದು ನಿಯಂತ್ರಕನ ಭಾವನೆ. ದಾರಿಯ ರೌಂಡ್ ಹಿಲ್‌ವರೆಗೆ 3,400 ಅಡಿ ಎಂದು ನಕ್ಷೆಯಲ್ಲಿದ್ದುದನ್ನು ನಾಯಕ ಗಮನಿಸಿಯೂ ಇದ್ದ. ಆದರೆ ಅಪ್ಪಣೆಯೇ ಸಿಕ್ಕಿದೆಯಲ್ಲ ಎಂದು 1,800 ಅಡಿಗೆ ಇಳಿಯತೊಡಗಿದರು. ವರ್ಜೀನಿಯದ ಮೌಂಟ್ ವೆದರ್ ಬೆಟ್ಟಕ್ಕೆ ವಿಮಾನ ಬಡಿಯಿತು. ಒಬ್ಬರೂ ಉಳಿಯಲಿಲ್ಲ.

ಇದಕ್ಕಿಂತ ಮನ ಕಲಕುವ ಸಂಗತಿ ಇನ್ನೊಂದಿದೆ. ಆರು ವಾರ ಮುಂಚೆ ಯುನೈಟೆಡ್ ಸಂಸ್ಥೆಯ ವಿಮಾನವೊಂದು ಅದೇ ನಿಲ್ದಾಣಕ್ಕೆ ಬರುತ್ತ, ಅದೇ ತಪ್ಪು ತಿಳಿವಳಿಕೆಯಿಂದ ಕೂದಲೆಳೆಯಲ್ಲಿ ಪಾರಾಗಿತ್ತು. ಆ ಸಂಸ್ಥೆ ತನ್ನ ಚಾಲಕರನ್ನು ಎಚ್ಚರಿಸಿತು. ಆದರೆ ಪಕ್ಕದ ಸಂಸ್ಥೆಯವರಿಗೆ ಆ ಸುದ್ದಿ ಮುಟ್ಟುವ ದಾರಿಯೇ ಇರಲಿಲ್ಲ.

ಆ ದಾರಿ ಆಮೇಲೆ ಆಯಿತು. ಹೆಸರು ಬಯಲಾಗದಂತೆ ಯಾರು ಬೇಕಾದರೂ ತಮ್ಮ ತಪ್ಪನ್ನು ತಿಳಿಸಬಹುದಾದ ವ್ಯವಸ್ಥೆಯನ್ನು 1976ರಲ್ಲಿ ನಾಸಾ ನಡೆಸತೊಡಗಿತು. ನಿಗದಿತ ದಾರಿಯನ್ನು ಸೇರುವವರೆಗೂ ಕೊನೆಯದಾಗಿ ಹೇಳಿದ ಎತ್ತರವನ್ನು ಬಿಡಬಾರದೆಂಬ ನಿಯಮ ಸ್ಪಷ್ಟವಾಯಿತು. ನೆಲ ಹತ್ತಿರವಾದರೆ ಕೂಗಿ ಹೇಳುವ ಯಂತ್ರವನ್ನು ದೊಡ್ಡ ಪ್ರಯಾಣಿಕ ವಿಮಾನಗಳಿಗೆ ಕಡ್ಡಾಯ ಮಾಡಿದರು.

ನಿನ್ನೆ ಮತ್ತೆ ಆಟಕ್ಕೆ ಕುಳಿತೆ. ಸಾವಿರ ಅಡಿ ಇಳಿಯಲು ಮೂರು ಮೈಲಿ ಬೇಕೆಂಬ ಲೆಕ್ಕವನ್ನು ಮೊಮ್ಮಗ ಕಲಿಸಿಕೊಟ್ಟ. ಅಪ್ಪಣೆಯ ದನಿ ಬಂತು. ನಾನು ಇಳಿಯಲಿಲ್ಲ, ಮೊದಲು ನಕ್ಷೆ ತೆಗೆದೆ.

"ಯಾಕೆ ತಾತ, ಭಯವೇ?" ಎಂದ.

"ಹೌದಪ್ಪ, ಭಯವೇ" ಎಂದೆ.