ಜೋಡುನಳಿಗೆಯ ಅಗುಳಿ

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಸೀಮೆಯ ತುಳುವರಿಗೆ ‘ಬೆಡಿ’ ಎಂದರೆ ಜಾತ್ರೆಯ ಸಿಡಿಮದ್ದೂ ಹೌದು, ಕೋವಿಯೂ ಹೌದು. ಇಲ್ಲಿನ ಎಷ್ಟೋ ಕೃಷಿಕರ ಮನೆಗಳಲ್ಲಿ ಬೆಳೆರಕ್ಷಣೆಗೆಂದು ಪರವಾನಗಿ ಪಡೆದ ಕೋವಿಗಳುಂಟು. ನೋಡುವವರು ನಳಿಗೆಯನ್ನು ಮೆಚ್ಚುತ್ತಾರೆ. ಬಲ್ಲವರು ಅಗುಳಿಯನ್ನು ಪರೀಕ್ಷಿಸುತ್ತಾರೆ.

ಜೋಡುನಳಿಗೆಯ ಕೋವಿಗೆ ತೋಟೆ ತುಂಬಲು ಅದನ್ನು ನಡುವೆ ಮಡಚಬೇಕು. ಹಾಗೆ ಮಡಚುವ ಸಂದೇ ಸಿಡಿತದ ಒತ್ತಡವನ್ನೂ ತಾಳಬೇಕು. ಲಂಡನ್ನಿನ ಜೇಮ್ಸ್ ಪರ್ಡಿ 1863ರಲ್ಲಿ, ನಳಿಗೆಯಡಿಯ ಎರಡು ಕಚ್ಚುಗಳಲ್ಲಿ ಕೂರುವ ಜಾರುಅಗುಳಿಗೆ ಹಕ್ಕುಪತ್ರ ಪಡೆದರು; ಅದು ಬಹುಮಂದಿಗೆ ಮಾದರಿಯಾಯಿತು.

ಅಮೆರಿಕದ ಕೆಲವರು ಬೇರೆ ದಾರಿ ಹಿಡಿದರು. 1880ರ ದಶಕದಲ್ಲಿ ಸಿರಕ್ಯೂಸ್ ನಗರದಲ್ಲಿ ತಯಾರಾದ ಎಲ್. ಸಿ. ಸ್ಮಿತ್ ಕೋವಿಯಲ್ಲಿ ನಳಿಗೆಗಳ ನಡುವಣ ಪಟ್ಟಿ ಹಿಂದಕ್ಕೆ ಚಾಚಿರುತ್ತದೆ. ಅದರ ರಂಧ್ರದೊಳಗೆ ಅಗುಳಿ ತಿರುಗಿ ಬೆಣೆಯಂತೆ ಬಿಗಿಯುತ್ತದೆ. ಸವೆದರೆ ತುಸು ಹೆಚ್ಚು ತಿರುಗಿ ಸಡಿಲವನ್ನು ತುಂಬಿಕೊಳ್ಳುತ್ತದೆ. ಕೋವಿ ತೆರೆಯುವ ಮೇಲಿನ ಸನ್ನೆಯೇ ಇದಕ್ಕೆ ಸಾಕ್ಷಿ: ಹೊಸತರಲ್ಲಿ ಬಲಕ್ಕೆ ವಾಲಿದ್ದು, ಸವೆದಂತೆ ನಡುವಿಗೆ ಸರಿಯುತ್ತದೆ. ನಡು ದಾಟಿತೆಂದರೆ ದುರಸ್ತಿಯ ಕಾಲ ಬಂತೆಂದೇ ಅರ್ಥ.

ಚುನಾವಣೆ ಬಂದಾಗ ನಮ್ಮ ಕಡೆಯ ಕೋವಿಗಳು ಠಾಣೆ ಸೇರುತ್ತವೆ. ಮರಳಿ ತಂದವರು ತುಕ್ಕು ಒರೆಸಿ ಸುಮ್ಮನಾಗುವುದುಂಟು. ಬರಿದಾದ ಕೋವಿಯನ್ನು ಮುಚ್ಚಿ, ಸಂದು ಅಲುಗಾಡುವುದೇ ಎಂದೂ ನೋಡಬೇಕು. ಅಲುಗಾಡಿದರೆ ಹಾರಿಸಬಾರದು, ಆ ಅಗುಳಿಯ ಹಿಂದಿರುವುದು ನಮ್ಮದೇ ಮುಖ.